ಉಚ್ಚಂಗಿದುರ್ಗ: ಬೆಟ್ಟ ಅಲ್ಲೇ ಇದೆ, ಜಿಲ್ಲೆ ಮಾತ್ರ ಓಡಾಡ್ತಿದೆ!

ಉಕ್ರೇನಿನ ಪಶ್ಚಿಮ ತುದಿಯಲ್ಲಿ ಕಾರ್ಪೇಥಿಯನ್ ಬೆಟ್ಟಗಳ ಸೀಮೆಯೊಂದಿದೆ, ಝಕರ್ಪಾಟಿಯಾ ಅಂತ. 1918ರವರೆಗೆ ಆಸ್ಟ್ರಿಯಾ-ಹಂಗೇರಿ, ಆಮೇಲೆ ಜೆಕೊಸ್ಲೊವಾಕಿಯಾ, 1939ರಲ್ಲಿ ಹಂಗೇರಿ, 1945ರಲ್ಲಿ ಸೋವಿಯತ್ ಒಕ್ಕೂಟ, 1991ರಿಂದ ಉಕ್ರೇನ್. ಅಲ್ಲಿನ ಹಳ್ಳಿಯ ಮುದುಕಿ ಮನೆ ಬಿಟ್ಟು ಕದಲದೆ ಐದು ದೇಶ ನೋಡಿರಬಹುದು.

ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ಆನಗೋಡಿನ ಕಡೆಗಲ್ಲ, ಆಣಜಿ ಕಡೆ ಗಾಡಿ ತಿರುಗಿಸಿ. ಸುಮಾರು 30 ಕಿ.ಮೀ. ಹೋದರೆ ಬಯಲು ನಾಡಿನ ನಡುವೆ ಧುತ್ತನೆ ಒಂದು ಕಲ್ಲುಬೆಟ್ಟ. ಮೇಲೆ ಹಾಳು ಕೋಟೆ, ಉಚ್ಚಂಗೆಮ್ಮನ ಗುಡಿ. ಕೆಳಗೆ ಊರು. ಅದೇ ಉಚ್ಚಂಗಿದುರ್ಗ.

ಇವತ್ತು ಜಾತ್ರೆಗೆ ಮಾತ್ರ ನೆನಪಾಗುವ ಈ ಊರು ಒಂದು ಕಾಲಕ್ಕೆ ರಾಜಧಾನಿ. ಬನವಾಸಿ ಕದಂಬರ ಕಾಲದಲ್ಲೇ ಉಚ್ಚಶೃಂಗಿ ಅಂತ ಹೆಸರಿತ್ತು. ಆಮೇಲೆ ನೊಳಂಬರು. ಅವರಿಂದ ಈ ಕೋಟೆ ಕಿತ್ತುಕೊಂಡದ್ದನ್ನು ಗಂಗರ ಎರಡನೇ ಮಾರಸಿಂಹ ಶ್ರವಣಬೆಳಗೊಳದ ಕಂಬದ ಶಾಸನದಲ್ಲಿ ಹೇಳಿಸಿಕೊಂಡಿದ್ದಾನೆ. ಅವನ ಬಿರುದು 'ನೊಳಂಬಕುಲಾಂತಕ'. ಮುಂದೆ ನೊಳಂಬವಾಡಿ 32000ವನ್ನು ಇಲ್ಲಿಂದಲೇ ಆಳಿದವರು ಪಾಂಡ್ಯರು. ಮಧುರೆಯವರಲ್ಲ ಮಾರಾಯ್ರೇ, ನಮ್ಮ ಉಚ್ಚಂಗಿ ಪಾಂಡ್ಯರು! ಕಲ್ಯಾಣದ ಚಾಲುಕ್ಯರ ಸಾಮಂತರು. 1177ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಬೆಟ್ಟ ಹತ್ತಿ ಗೆದ್ದ. 'ಗಿರಿದುರ್ಗಮಲ್ಲ' ಅನ್ನೋ ಅವನ ಬಿರುದು ಕೇಳಿದಾಗ ನನಗಂತೂ ಈ ಬೆಟ್ಟವೇ ಕಣ್ಣ ಮುಂದೆ ಬರುತ್ತೆ. ಸುತ್ತ ಹತ್ತಾರು ಮೈಲಿ ಬಯಲು, ಬರುವ ದಂಡು ಮೇಲಿಂದ ಕಾಣುತ್ತೆ, ಕಲ್ಲೇ ಗೋಡೆ. ಇಂಥ ಜಾಗ ಸುಮ್ಮನೆ ಯಾರು ಬಿಟ್ಟುಕೊಡ್ತಾರೆ ಹೇಳಿ?

ಪಾಳೆಯಗಾರರ ಕಾಲ ಬಿಟ್ಟು ಮುಂದೆ ಹೋಗೋಣ. ನಿಜವಾದ ಮಜಾ ಇರೋದು ಗಡಿಯಲ್ಲಿ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ. ಹರಪನಹಳ್ಳಿಯ ಜೊತೆ ಉಚ್ಚಂಗಿದುರ್ಗವೂ ಮದ್ರಾಸಿಗೆ ಸೇರಿತು, ದಾವಣಗೆರೆ ಮೈಸೂರಲ್ಲೇ ಉಳೀತು. ಅಂದರೆ ನಮ್ಮ ಅಜ್ಜ-ಮುತ್ತಜ್ಜಂದಿರು ಹರಕೆ ತೀರಿಸೋಕೆ ಎತ್ತಿನ ಗಾಡಿ ಕಟ್ಟಿ ಹೋಗ್ತಿದ್ದದ್ದು ಬೇರೆ ಸೀಮೆಗೆ! 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರಿಗೆ ಬಂತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಹರಪನಹಳ್ಳಿ ತಾಲೂಕು ನಮ್ಮದಾಯಿತು.

ಸರಿ ಹೋಯ್ತಲ್ಲ ಅನ್ನುವಷ್ಟರಲ್ಲಿ 371(ಜೆ) ಬಂತು. 2012ರ ಸಂವಿಧಾನ ತಿದ್ದುಪಡಿ ಬಳ್ಳಾರಿ ಜಿಲ್ಲೆಯನ್ನು ಸೇರಿಸಿಕೊಂಡಿತು. ದಾವಣಗೆರೆಯಲ್ಲಿದ್ದ ಕಾರಣಕ್ಕೆ ಹಳೇ ಬಳ್ಳಾರಿಯ ಹರಪನಹಳ್ಳಿ ಹೊರಗುಳಿಯಿತು. ಸೀಟಿನ ಕೌನ್ಸೆಲಿಂಗಿಗೆ ಕೂತವರಿಗೆ ಗೊತ್ತು, ಈ ಗೆರೆಯ ಬೆಲೆ ಏನು ಅಂತ. ಹೋರಾಟ ನಡೆದು 2018ರಲ್ಲಿ ತಾಲೂಕು ಬಳ್ಳಾರಿಗೆ ವಾಪಸ್. 2021ರಲ್ಲಿ ವಿಜಯನಗರ ಜಿಲ್ಲೆ ಆಯ್ತು. ಮೀಸಲಾತಿ ಸಿಕ್ಕಿತು, ಜೊತೆಗೆ ಜಿಲ್ಲಾ ಕಚೇರಿ ಹೊಸಪೇಟೆಗೆ ಹೋಯಿತು. ಉಚ್ಚಂಗಿದುರ್ಗದವರಿಗೆ ದಾವಣಗೆರೆ ಎಷ್ಟೋ ಹತ್ತಿರ. ಆದರೂ ನನ್ನ ಕೇಳಿದರೆ ಅವರು ಆರಿಸಿಕೊಂಡದ್ದೇ ಸರಿ.

ಇನ್ನೊಂದು ವಿಷಯ ಹೇಳದಿದ್ದರೆ ತಪ್ಪಾಗುತ್ತೆ. ಭರತ ಹುಣ್ಣಿಮೆಗೆ ಇಲ್ಲಿ ದೊಡ್ಡ ಜಾತ್ರೆ. ಬಡ ದಲಿತ ಮನೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡುತ್ತಿದ್ದದ್ದೂ ಇದೇ ಬೆಟ್ಟದಲ್ಲಿ. 1982ರ ಕಾಯ್ದೆ ಅದನ್ನು ನಿಷೇಧಿಸಿದೆ. ಹಾಗೆ ಮುತ್ತು ಕಟ್ಟಿಸಿಕೊಂಡ ಹೆಂಗಸರು ಹರಪನಹಳ್ಳಿ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಬಲ್ಲಾಳನ ಬಿರುದು ಶಾಸನದಲ್ಲಿದೆ, ಇವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.