ಮುನವಳ್ಳಿ

ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನ, ಮಲಪ್ರಭಾ ದಂಡೆಯ ಪಟ್ಟಣ. ಸವದತ್ತಿಯ ಉತ್ತರಕ್ಕೆ, ನವಿಲುತೀರ್ಥ ಕಣಿವೆಯ ಕೆಳಭಾಗದಲ್ಲಿದೆ.

ನೆಲ, ಮಳೆ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವ ಮಲಪ್ರಭೆಗೆ ಸವದತ್ತಿಯ ಬಳಿ ಕಲ್ಲುಗುಡ್ಡಗಳ ಸಾಲೊಂದು ಅಡ್ಡ ಬರುತ್ತದೆ. ಹೊಳೆ ಅದನ್ನು ಸೀಳಿಕೊಂಡು ಹೋದ ಇಕ್ಕಟ್ಟಾದ ದಾರಿಯೇ ನವಿಲುತೀರ್ಥ. 1970ರ ದಶಕದ ಮೊದಲ ವರ್ಷಗಳಲ್ಲಿ ಇಲ್ಲಿ ಮುಗಿದ ಅಣೆಕಟ್ಟಿನ ಉದ್ದ ಸುಮಾರು 155 ಮೀಟರ್ ಮಾತ್ರ. ಅದರ ಹಿಂದಿನ ರೇಣುಕಾಸಾಗರದಲ್ಲಿ 37.73 ಟಿಎಂಸಿ ನೀರು ನಿಲ್ಲುತ್ತದೆ.

ಸಹ್ಯಾದ್ರಿಯ ಮಳೆನೆರಳಿನ ಈ ಬಯಲಿನಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು. ಎರೆ ಹೊಲಗಳ ಬಿಳಿಜೋಳ, ಕಡಲೆ, ಕುಸುಬೆಗೆ ಹಿಂಗಾರೇ ಆಧಾರ. ಆದರೆ ಹೊಳೆಯ ನೀರು ಬಹುಪಾಲು ಘಟ್ಟದ ಮಳೆಯದು. ಊರಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ದಂಡೆ ಮೀರಬಹುದು. ಮುನವಳ್ಳಿಯ ಇತಿಹಾಸವನ್ನು ಓದುವಾಗ ಇದು ಮರೆಯಬಾರದ ಸಂಗತಿ.

ಇತಿಹಾಸ

ಊರಿನ ಪಂಚಲಿಂಗೇಶ್ವರ ದೇವಾಲಯ ಸೇವುಣರ (ದೇವಗಿರಿಯ ಯಾದವರ) ಕಾಲದ್ದು. ಸೇವುಣ ದೊರೆ ಇಮ್ಮಡಿ ಸಿಂಘಣನ ಆಳ್ವಿಕೆಗೆ ಸೇರಿದ, ಶಕ 1145ರ (ಸುಮಾರು ಕ್ರಿ.ಶ. 1223) ಇಲ್ಲಿನ ಶಾಸನವನ್ನು ಶಾಸನತಜ್ಞ ಜೆ.ಎಫ್. ಫ್ಲೀಟ್ ಪ್ರಕಟಿಸಿದ್ದಾರೆ. ಈ ಕಾಲಮಾನ ಗಮನಾರ್ಹ. ಗುಡ್ಡದ ಆಚೆಗಿನ ಸವದತ್ತಿಯಲ್ಲಿ ಸುಮಾರು 1228ರ ಹೊತ್ತಿಗೂ, ಆ ಸೀಮೆಯನ್ನು ಆಳುತ್ತಿದ್ದ ರಟ್ಟರ ದೊರೆ ಇಮ್ಮಡಿ ಲಕ್ಷ್ಮಿದೇವನ ಶಾಸನ ಸಿಗುತ್ತದೆ. ಆ ಬಳಿಕವೇ ರಟ್ಟ ಮನೆತನ ಮರೆಯಾದದ್ದು. ಹಾಗಾದರೆ ಕೆಲವು ವರ್ಷ ಸೇವುಣರೂ ರಟ್ಟರೂ ಒಂದೇ ಗುಡ್ಡಸಾಲಿನ ಆಚೀಚೆ ಇದ್ದರೆನ್ನಬೇಕು. ಸಾಲೇ ಗಡಿಯಾಗಿತ್ತೆಂದು ಎರಡು ಕಲ್ಲುಗಳ ಬಲದಿಂದ ಹೇಳಲಾಗದು. ಆದರೂ ರಟ್ಟರ ಪತನವನ್ನು ಒಂದೇ ದಂಡಯಾತ್ರೆಯ ಫಲವೆಂದು ಕಾಣುವ ಬದಲು, ಹಂತಹಂತವಾಗಿ ನಡೆದ ಒತ್ತುವರಿಯ ಕೊನೆಯೆಂದು ಕಾಣಲು ಮುನವಳ್ಳಿಯ ಶಾಸನ ಎಡೆಮಾಡಿಕೊಡುತ್ತದೆ.

ಊರಿನ ಹೆಸರು ದೂರದವರ ದಾಖಲೆಗೂ ಸೇರಿದ್ದು 1800ರ ಜುಲೈ 30ರಂದು. ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಂದು ಸೈನ್ಯ ಕಟ್ಟಿದ್ದ ಧೋಂಡಿಯಾ ವಾಘನ ಬೀಡು ಊರಿನ ಎದುರು ದಂಡೆಯಲ್ಲಿತ್ತು. ಬೆನ್ನಟ್ಟಿ ಬಂದ ಬ್ರಿಟಿಷ್ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅದರ ಮೇಲೆ ಬಿದ್ದ. ಹೊಳೆ ತುಂಬಿತ್ತು, ಓಡಲು ದಾರಿ ಇರಲಿಲ್ಲ. ಸುಮಾರು ಐದು ಸಾವಿರ ಜನ ನೀರುಪಾಲಾದರೆಂದು ವೆಲ್ಲೆಸ್ಲಿ ಬರೆದ. ಇದು ಗೆದ್ದವರ ಲೆಕ್ಕ, ಹೆಚ್ಚಿರಬಹುದು. ಆದರೆ ಅಂದಿನ ದಂಡುಗಳ ಹಿಂದೆ ಹೆಂಗಸರು, ಮಕ್ಕಳು, ವ್ಯಾಪಾರಿಗಳು, ಎತ್ತು ಹೊಡೆಯುವವರು ಇರುತ್ತಿದ್ದರು. ಸತ್ತವರೆಲ್ಲ ಸೈನಿಕರೆಂದು ಭಾವಿಸುವಂತಿಲ್ಲ. ಧೋಂಡಿಯಾ ಅಂದು ತಪ್ಪಿಸಿಕೊಂಡು, ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕಾಳಗದಲ್ಲಿ ಮಡಿದ.

1818ರ ನಂತರ ಬ್ರಿಟಿಷರ ಆಡಳಿತ, ಮುಂದೆ ಮುಂಬಯಿ ಪ್ರಾಂತ್ಯ. 1956ರಲ್ಲಿ ಮೈಸೂರು ರಾಜ್ಯ. ಈಗ ಊರಿನಲ್ಲಿ ಪುರಸಭೆಯಿದೆ.

ನೆರೆ

ಅಣೆಕಟ್ಟಾದ ಮೇಲೆ ಹೊಳೆಯ ಏರಿಳಿತ ತೂಬು, ಗೇಟುಗಳ ಹಿಡಿತಕ್ಕೆ ಬಂದಿತಾದರೂ ನೆರೆಯ ಭಯ ಹೋಗಲಿಲ್ಲ. 2019ರ ಆಗಸ್ಟ್‌ನಲ್ಲಿ ಜಲಾಶಯ ತುಂಬಿ ಭಾರಿ ಪ್ರಮಾಣದಲ್ಲಿ ನೀರು ಬಿಟ್ಟಾಗ ಮುನವಳ್ಳಿಯ ತಗ್ಗು ಪ್ರದೇಶಗಳೂ ಕೆಳಗಿನ ರಾಮದುರ್ಗದ ಹಳ್ಳಿಗಳೂ ಮುಳುಗಿದವು.