ಮನೆಯಲ್ಲೇ ಹುಟ್ಟಿದ ಲಿನಕ್ಸ್

1991ರ ಜನವರಿ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಇಪ್ಪತ್ತೊಂದರ ಹುಡುಗ ಲೈನಸ್ ಟೋರ್ವಾಲ್ಡ್ಸ್ ಕಂತಿನ ಸಾಲದಲ್ಲಿ 386 ಕಂಪ್ಯೂಟರೊಂದನ್ನು ಮನೆಗೆ ತಂದ. ಅದರ ಮೆಮೊರಿ ನಾಲ್ಕೇ ಎಂಬಿ. ಅವನು ಓದುತ್ತಿದ್ದ ವಿಶ್ವವಿದ್ಯಾಲಯದಲ್ಲಿ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್ ಓಡುವ ಮೈಕ್ರೋವ್ಯಾಕ್ಸ್ ಯಂತ್ರವಿತ್ತು. ಏಕಕಾಲಕ್ಕೆ 16 ಮಂದಿಗಷ್ಟೇ ಅದರಲ್ಲಿ ಜಾಗ, ಮಿಕ್ಕವರು ಸರದಿ ಕಾಯಬೇಕು. ಫಿನ್ಲೆಂಡಿನ ಚಳಿಗಾಲದಲ್ಲಿ ಯಾರಿಗೆ ಬೇಕು ಆ ಅಲೆದಾಟ? ಮನೆಯಿಂದಲೇ ಮೋಡೆಮ್ ಮೂಲಕ ಅದಕ್ಕೆ ಡಯಲ್ ಮಾಡಲು ಅವನೊಂದು ಪುಟ್ಟ ಟರ್ಮಿನಲ್ ಪ್ರೋಗ್ರಾಮ್ ಬರೆದುಕೊಂಡ.

ಆ ಪ್ರೋಗ್ರಾಮೇ ಬೆಳೆದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಆಯಿತು. ಇಳಿಸಿಕೊಂಡ ಫೈಲುಗಳನ್ನು ಇಡಬೇಕೆಂದು ಡಿಸ್ಕ್ ಡ್ರೈವರ್ ಬಂತು, ಡಿಸ್ಕ್ ಇದ್ದಮೇಲೆ ಫೈಲ್ ಸಿಸ್ಟಮ್ ಬಂತು. ಒಮ್ಮೆ ಮೋಡೆಮಿಗೆ ಹೋಗಬೇಕಿದ್ದ ಡಯಲ್ ಆದೇಶವನ್ನು ಅವನು ಕೈತಪ್ಪಿ ಹಾರ್ಡ್ ಡಿಸ್ಕಿಗೇ ಕಳಿಸಿಬಿಟ್ಟ. ಅದರಲ್ಲಿ ಅವನು ಅಲ್ಲಿಯವರೆಗೆ ಬಳಸುತ್ತಿದ್ದ ಮಿನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಳಾಯಿತು. ಮತ್ತೆ ಮಿನಿಕ್ಸ್ ಹಾಕಿಕೊಳ್ಳುವ ಬದಲು ತನ್ನದನ್ನೇ ಪೂರ್ತಿ ಮಾಡಿದರಾಯಿತು ಎಂದು ಹೊರಟ. ದೂರದಲ್ಲಿ ಕೂತು ಕೆಲಸ ಮಾಡುವುದು ಲಿನಕ್ಸಿಗೆ ಯಾರೋ ಆಮೇಲೆ ಕಲಿಸಿದ ವಿದ್ಯೆಯಲ್ಲ, ಹುಟ್ಟುಗುಣ. ಬಹುಕಾಲ ಅದಕ್ಕೆ ಒಗ್ಗದೇ ಉಳಿದದ್ದು ಲ್ಯಾಪ್‌ಟಾಪ್.

ದೂರದ ಯಂತ್ರದೊಳಗೆ ಸುರಕ್ಷಿತವಾಗಿ ಹೋಗುವ ದಾರಿಯೂ ಹೆಲ್ಸಿಂಕಿಯ ಕಡೆಯಿಂದಲೇ ಬಂತು. ಅಲ್ಲಿಯವರೆಗೆ ಹೆಚ್ಚಾಗಿ ಬಳಕೆಯಲ್ಲಿದ್ದುದು ಟೆಲ್‌ನೆಟ್. ಅದರಲ್ಲಿ ಪಾಸ್‌ವರ್ಡ್ ತೆರೆದ ಅಂಚೆ ಕಾರ್ಡಿನ ಹಾಗೆ ಹೋಗುತ್ತಿತ್ತು. ನಡುದಾರಿಯಲ್ಲಿ ಕಣ್ಣಿಟ್ಟವರು ಓದಿಕೊಳ್ಳಬಹುದಿತ್ತು. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹಾಗೆಯೇ ಪಾಸ್‌ವರ್ಡ್‌ಗಳನ್ನು ಕದ್ದರು. ಅಲ್ಲಿ ಸಂಶೋಧಕರಾಗಿದ್ದ ತಾತು ಯುಲೋನೆನ್ ರೋಸಿಹೋಗಿ, ಆಡುವ ಮಾತೆಲ್ಲವನ್ನೂ ಗೂಢಲಿಪಿಗೆ ತಿರುಗಿಸಿ ಕಳಿಸುವ ಎಸ್‌ಎಸ್‌ಹೆಚ್ ಬರೆದರು. ಜಾಲದ ಪ್ರತಿ ಸೇವೆಗೂ ಪೋರ್ಟ್ ಎಂಬ ಬಾಗಿಲ ಸಂಖ್ಯೆ ಇರುತ್ತದೆ. ಫೈಲು ಸಾಗಿಸುವ ಎಫ್‌ಟಿಪಿಯದು 21, ಟೆಲ್‌ನೆಟ್‌ದು 23. ನಡುವಿನ 22 ಖಾಲಿ ಇತ್ತು. ಅದನ್ನು ಕೊಡಿ ಎಂದು ಈ ಸಂಖ್ಯೆಗಳನ್ನು ಹಂಚುವವರಿಗೆ ಒಂದು ಇ-ಮೇಲ್ ಬರೆದು ಕೇಳಿದರು, ಮರುದಿನವೇ ಸಿಕ್ಕಿತು. ಈಗಿನ ಕಾಲದಲ್ಲಾಗಿದ್ದರೆ ಒಂದು ಸಮಿತಿ ಕೂರುತ್ತಿತ್ತೇನೋ. ಜುಲೈನಲ್ಲಿ ಹೊರಬಂದ ಎಸ್‌ಎಸ್‌ಹೆಚ್ ಆ ವರ್ಷದ ಕೊನೆಗೆ ಸುಮಾರು 50 ದೇಶಗಳಲ್ಲಿ 20,000 ಬಳಕೆದಾರರನ್ನು ಕಂಡಿತು. ಯುಲೋನೆನ್ ಕಂಪನಿ ಕಟ್ಟಿ ಪರವಾನಗಿಯನ್ನು ಬಿಗಿ ಮಾಡಿದಾಗ, ಓಪನ್‌ಬಿಎಸ್‌ಡಿ ಎಂಬ ಇನ್ನೊಂದು ಮುಕ್ತ ಆಪರೇಟಿಂಗ್ ಸಿಸ್ಟಮಿನ ತಂಡ ಹಳೆಯ ಮುಕ್ತ ಆವೃತ್ತಿಯನ್ನು ಹಿಡಿದು 1999ರಲ್ಲಿ ಓಪನ್‌ಎಸ್‌ಎಸ್‌ಹೆಚ್ ಮಾಡಿತು. ಇಂದು ಲಿನಕ್ಸ್ ಲ್ಯಾಪ್‌ಟಾಪುಗಳಲ್ಲಿರುವುದು ಬಹುಪಾಲು ಅದೇ. ಕಚೇರಿಯಿಂದ ಹೊಸ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದವರು ಮೊದಲು ಮಾಡುವ ಕೆಲಸಗಳಲ್ಲೊಂದು ಎಸ್‌ಎಸ್‌ಹೆಚ್‌ಗೆ ಕೀಲಿ ಜೋಡಿ ತಯಾರಿಸಿಕೊಳ್ಳುವುದು. ಬೀಗವನ್ನು ಕಚೇರಿಯ ಸರ್ವರಿಗೆ ಕಳಿಸಿ, ಕೀಲಿಕೈಯನ್ನು ತಮ್ಮ ಬಳಿಯೇ ಇಟ್ಟುಕೊಂಡ ಹಾಗೆ.

ಸಂಪರ್ಕ ಕಡಿದುಹೋದರೆ? ಅದಕ್ಕೂ ಮದ್ದು ಆಗಲೇ ಸಿದ್ಧವಿತ್ತು. 1987ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ‘ಸ್ಕ್ರೀನ್’ ಎಂಬ ಪ್ರೋಗ್ರಾಮಿನಲ್ಲಿ ಕೆಲಸ ಸರ್ವರಿನಲ್ಲೇ ನಡೆಯುತ್ತಿರುತ್ತದೆ. ಮನೆಯಲ್ಲಿ ಕರೆಂಟ್ ಹೋಗಿ ಮರಳಿ ಬಂದಾಗ ಬಿಟ್ಟ ಸಾಲಿನಿಂದಲೇ ಹಿಡಿಯಬಹುದು.

ದೂರದ ಕೆಲಸ ಬೆಂಗಳೂರಿಗೂ ಹೊಸದಲ್ಲ. 1985ರಲ್ಲಿ ಮಿಲ್ಲರ್ಸ್ ರಸ್ತೆಯಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೇಂದ್ರ ತೆರೆದಾಗ ಉಪಗ್ರಹ ಸಂಪರ್ಕದ ಸಲಕರಣೆ ಎತ್ತಿನ ಗಾಡಿಯಲ್ಲಿ ಬಂತು. 1981ರಲ್ಲಿ ಹಾರಿದ ಇಸ್ರೋದ ಆ್ಯಪಲ್ ಉಪಗ್ರಹವನ್ನೂ ಪರೀಕ್ಷೆಗೆಂದು ಎತ್ತಿನ ಗಾಡಿಯ ಮೇಲೆ ಕೂರಿಸಿದ್ದರು. ಈ ಊರಿನ ತಂತ್ರಜ್ಞಾನಕ್ಕೂ ಎತ್ತುಗಳಿಗೂ ಏನೋ ಋಣಾನುಬಂಧ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಜಿನಿಯರುಗಳ ಕೆಲಸ ಸಾವಿರಾರು ಮೈಲಿಯಾಚೆಯ ಕಚೇರಿಗೆ ಆಕಾಶಮಾರ್ಗದಲ್ಲಿ ಹೋಗುತ್ತಿತ್ತು. ಮನೆಗಳಿಗೆ ಮಾತ್ರ ಆ ಭಾಗ್ಯವಿರಲಿಲ್ಲ. 1995ರ ಆಗಸ್ಟ್ 15ರಂದು ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಡತೊಡಗಿತಾದರೂ ಡಯಲಪ್ ವೇಗ ಸೆಕೆಂಡಿಗೆ 9.6 ಕಿಲೋಬಿಟ್‌ನ ಆಸುಪಾಸು. ಆ ವೇಗದಲ್ಲಿ 650 ಎಂಬಿಯ ಒಂದು ಸಿಡಿಯಷ್ಟು ಲಿನಕ್ಸ್ ಇಳಿಸಲು, ಫೋನ್ ಒಮ್ಮೆಯೂ ಕಡಿಯದಿದ್ದರೂ, ಆರು ದಿನಕ್ಕಿಂತ ಹೆಚ್ಚು ಬೇಕು. ಹಾಗಾಗಿ 1996ರಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ಸಂಚಿಕೆಯ ಜೊತೆ ಲಿನಕ್ಸ್ ಸಿಡಿ ಹಂಚಿದ್ದು ದೊಡ್ಡ ಸಂಗತಿ. ಅದರ ಹಿಂದಿದ್ದ ಬೆಂಗಳೂರಿನ ಅತುಲ್ ಚಿಟ್ನಿಸ್ 2001ರಲ್ಲಿ ಆರಂಭವಾದ ಲಿನಕ್ಸ್ ಬೆಂಗಳೂರು ಸಮ್ಮೇಳನದ ಮುಂದಾಳುಗಳಲ್ಲೂ ಒಬ್ಬರು. ಅದೇ ಮುಂದೆ ಫಾಸ್ ಡಾಟ್ ಇನ್ ಆಯಿತು.

ಇಷ್ಟೆಲ್ಲ ಸಾಧಿಸಿದ ಲಿನಕ್ಸ್, ತೊಡೆಯ ಮೇಲಿನ ಪೆಟ್ಟಿಗೆಯ ಮುಂದೆ ಮಂಡಿಯೂರಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ತಯಾರಕರು ನಾಲ್ಕು ಕಾಸು ಉಳಿಸಲು ಮೋಡೆಮಿನ ಬುದ್ಧಿಯನ್ನು ಚಿಪ್ಪಿನಿಂದ ತೆಗೆದು ವಿಂಡೋಸ್ ಸಾಫ್ಟ್‌ವೇರಿಗೆ ಒಪ್ಪಿಸಿದರು. ಅಂಥವುಗಳ ಹೆಸರೇ ವಿನ್‌ಮೋಡೆಮ್. ಮೋಡೆಮಿಗಾಗಿಯೇ ಹುಟ್ಟಿದ ಲಿನಕ್ಸಿನಲ್ಲಿ ಮೋಡೆಮ್ ಓಡದ ಕಾಲ ಬಂತು! 2003ರಲ್ಲಿ ಇಂಟೆಲ್ ಸೆಂಟ್ರಿನೋ ಬಂದು ವೈ-ಫೈ ಸಾಮಾನ್ಯವಾದಾಗಲೂ ಅದೇ ಪಾಡು. ವಿಂಡೋಸ್ ಡ್ರೈವರನ್ನೇ ಲಿನಕ್ಸಿನೊಳಗೆ ಓಡಿಸುವ ಎನ್‌ಡಿಐಎಸ್‌ರ‍್ಯಾಪರ್ ಎಂಬ ತೇಪೆಯೇ ಹಲವರಿಗೆ ಗತಿಯಾಯಿತು. ನಿದ್ದೆಯ ಕಥೆ ಇನ್ನೂ ಕಷ್ಟದ್ದು. ಮುಚ್ಚಳ ಮುಚ್ಚಿದಾಗ ಯಂತ್ರ ಮಲಗಬೇಕು, ತೆರೆದಾಗ ಏಳಬೇಕು. 1996ರ ಎಸಿಪಿಐ ನಿಯಮಾವಳಿ ಈ ಹೊಣೆಯನ್ನು ಆಪರೇಟಿಂಗ್ ಸಿಸ್ಟಮಿಗೆ ವಹಿಸಿತ್ತು. ಆದರೆ ಬಹುತೇಕ ತಯಾರಕರು ಪರೀಕ್ಷಿಸಿ ನೋಡುತ್ತಿದ್ದುದು ವಿಂಡೋಸ್‌ನಲ್ಲಿ ಮಾತ್ರ. ಮಲಗಿದ ಲಿನಕ್ಸ್ ಏಳದೆ ಹೋಗುವುದು, ಮಲಗಿತೆಂದು ಚೀಲಕ್ಕೆ ಹಾಕಿದ್ದು ಒಳಗೇ ಕಾದು ಬಿಸಿಯಾಗುವುದು ಅಂದಿನ ಬಳಕೆದಾರರ ದಿನಚರಿ. 2012ರಲ್ಲಿ ಡೆಲ್ ಕಂಪನಿ ಪ್ರಾಜೆಕ್ಟ್ ಸ್ಪುಟ್ನಿಕ್ ಹೆಸರಿನಲ್ಲಿ ಲಿನಕ್ಸಿನ ಉಬುಂಟು ಆವೃತ್ತಿ ಹಾಕಿಯೇ ಎಕ್ಸ್‌ಪಿಎಸ್ 13 ಲ್ಯಾಪ್‌ಟಾಪ್ ಮಾರಲು ಮುಂದಾಯಿತು. ಹೊಂದಾಣಿಕೆಯ ತಲೆನೋವನ್ನು ದೊಡ್ಡ ಕಂಪನಿಯೊಂದು ಕೊನೆಗೂ ತಾನೇ ಹೊತ್ತುಕೊಂಡಿತ್ತು.

ಈ ನಡುವೆ 2005ರಲ್ಲಿ ಟೋರ್ವಾಲ್ಡ್ಸ್, ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್ ಬರೆದಿದ್ದರು. ಯೋಜನೆಯ ಇತಿಹಾಸವೆಲ್ಲ ಪ್ರತಿಯೊಬ್ಬರ ಯಂತ್ರದಲ್ಲೂ ಇರುವುದರಿಂದ, ಇಂಟರ್ನೆಟ್ ಸಿಗದ ರೈಲಿನಲ್ಲೂ ಕೆಲಸ ಸಾಗುತ್ತದೆ.

2020ರ ಮಾರ್ಚ್ 25, ಯುಗಾದಿ. ಬೇವುಬೆಲ್ಲದ ದಿನವೇ ಕೋವಿಡ್‌ನಿಂದಾಗಿ ದೇಶಕ್ಕೆ ಬೀಗ ಬಿತ್ತು. ಆಸುಪಾಸಿನ ದಿನಗಳಲ್ಲಿ ಬೆಂಗಳೂರಿನ ಕಂಪನಿಗಳು ಲ್ಯಾಪ್‌ಟಾಪ್ ಸಾಲದೆ ಕಚೇರಿಯ ಡೆಸ್ಕ್‌ಟಾಪುಗಳನ್ನೇ ಉದ್ಯೋಗಿಗಳ ಮನೆಗೆ ಸಾಗಿಸಿದವು. ಮನೆಗೂ ಕಚೇರಿಯ ಜಾಲಕ್ಕೂ ನಡುವೆ ಗುಪ್ತ ಸುರಂಗ ಕೊರೆಯುವ ವಿಪಿಎನ್‌ಗಳ ಮೇಲೆ ಒಮ್ಮೆಲೇ ಭಾರ ಬಿತ್ತು. ಹಳೆಯ ವಿಪಿಎನ್‌ಗಳೋ, ಲಕ್ಷಗಟ್ಟಲೆ ಸಾಲುಗಳ ಗೋಜಲು. ಜೇಸನ್ ಡೊನೆನ್‌ಫೆಲ್ಡ್ ಅದೇ ಕೆಲಸವನ್ನು ಸುಮಾರು ನಾಲ್ಕು ಸಾವಿರ ಸಾಲುಗಳಲ್ಲಿ ಮುಗಿಸುವ ವೈರ್‌ಗಾರ್ಡ್ ಬರೆದಿದ್ದರು. ಸುಲಭಕ್ಕೆ ಯಾರನ್ನೂ ಹೊಗಳದ ಟೋರ್ವಾಲ್ಡ್ಸ್ 2018ರಲ್ಲೇ ಅದನ್ನು ಕಲಾಕೃತಿಗೆ ಹೋಲಿಸಿದ್ದರು. ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಬೇಕಾದದ್ದು ಎರಡು ಕೀಲಿ, ಒಂದು ವಿಳಾಸ, ಹತ್ತಾರು ಸಾಲಿನ ಒಂದು ಫೈಲು. ಅದನ್ನು ಒಳಗೆ ಸೇರಿಸಿಕೊಂಡ, ಲಿನಕ್ಸಿನ ತಿರುಳಾದ ಕರ್ನಲ್‌ನ 5.6 ಆವೃತ್ತಿ ಬಿಡುಗಡೆಯಾದದ್ದು ಮಾರ್ಚ್ 29ರಂದು, ಯುಗಾದಿ ಕಳೆದ ನಾಲ್ಕನೆಯ ದಿನ. ಅಂದು ಭಾನುವಾರ, ಲಿನಕ್ಸ್ ಹೊಸ ಆವೃತ್ತಿಗಳು ರೂಢಿಯಂತೆ ಬರುವುದೇ ಭಾನುವಾರ. ಕರ್ನಲ್ ಬರೆಯುವವರು ಮೊದಲಿನಿಂದಲೂ ಊರೂರಲ್ಲಿ ಕೂತು ಇ-ಮೇಲ್‌ನಲ್ಲೇ ಕೆಲಸ ಮಾಡುತ್ತಿದ್ದವರು. ಬೀಗ ಹಾಕಲು ಅವರಿಗೊಂದು ಕಚೇರಿಯೇ ಇರಲಿಲ್ಲ.