ಆರೋಗ್ಯ ಸುದ್ದಿಯ ತಲೆಬರಹ: ನಂಬುವ ಮುನ್ನ ಗಮನಿಸಬೇಕಾದ ಅಂಶಗಳು

2025ರ ಜೂನ್-ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ರಾಜ್ಯದಾದ್ಯಂತ ತಲೆಬರಹಗಳಾದವು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಮೃತಪಟ್ಟರೆಂಬ ಲೆಕ್ಕ ದಿನದಿಂದ ದಿನಕ್ಕೆ ಬೆಳೆಯುತ್ತಾ ಹೋಯಿತು. ಗಾಬರಿಗೊಂಡ ಜನರು ಬೆಂಗಳೂರು ಹಾಗೂ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳಲ್ಲಿ ತಪಾಸಣೆಗಾಗಿ ಸಾಲುಗಟ್ಟಿ ನಿಂತರು. ರಾಜ್ಯ ಸರ್ಕಾರ ನೇಮಿಸಿದ ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿದಾಗ, ಅವುಗಳಲ್ಲಿ ನಾಲ್ಕಕ್ಕೆ ಹೃದಯದ ಕಾಯಿಲೆಯೇ ಕಾರಣವಾಗಿರಲಿಲ್ಲ. ಹಿಂದಿನ ವರ್ಷದ ಅಂಕಿ-ಅಂಶಗಳಿಗೆ ಹೋಲಿಸಿದಾಗ ಅಸಹಜ ಏರಿಕೆಯೂ ಕಂಡುಬರಲಿಲ್ಲ.

ಸಾವುಗಳು ಸುಳ್ಳಾಗಿರಲಿಲ್ಲ, ಕುಟುಂಬಗಳ ದುಃಖವೂ ನಿಜವೇ. ಆದರೆ ತಲೆಬರಹದಲ್ಲಿ ಎಣಿಕೆಯಿತ್ತು, ಹೋಲಿಕೆ ಇರಲಿಲ್ಲ. ಹೃದಯಾಘಾತ ಪ್ರತಿ ಜಿಲ್ಲೆಯಲ್ಲೂ ಪ್ರತಿದಿನ ಜೀವಗಳನ್ನು ಬಲಿ ತೆಗೆದುಕೊಳ್ಳುವ ಕಾಯಿಲೆ. ಆದ್ದರಿಂದ 'ಇಷ್ಟು ಸಾವು' ಎಂದು ಓದಿದಾಗ 'ಸಾಮಾನ್ಯವಾಗಿ ಎಷ್ಟು?' ಎಂದು ಕೇಳಿಕೊಳ್ಳುವುದು ಓದುಗನ ಮೊದಲ ಕೆಲಸ.

ದುಪ್ಪಟ್ಟು ಎಂದರೆ ಎಷ್ಟು?

1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು, ಹೊಸ ಬಗೆಯ ಕೆಲವು ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟಾಗುತ್ತದೆ ಎಂದು ಎಚ್ಚರಿಸಿತು. ವಾಸ್ತವದಲ್ಲಿ 7,000 ಮಹಿಳೆಯರಲ್ಲಿ ಒಬ್ಬರಿಗಿದ್ದ ತೊಂದರೆ ಇಬ್ಬರಿಗೆ ಏರಿತ್ತು, ಅಷ್ಟೆ. ಆದರೆ ಸುದ್ದಿ ಓದಿದ ಅನೇಕರು ಮಾತ್ರೆಯನ್ನೇ ನಿಲ್ಲಿಸಿದರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವೆಂದು ಅಂದಾಜಿಸಲಾಗಿದೆ. ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತಲೂ ಗರ್ಭಾವಸ್ಥೆಯಲ್ಲೇ ಹೆಚ್ಚು ಎಂಬ ಸಂಗತಿ ಗದ್ದಲದಲ್ಲಿ ಮರೆಯಾಯಿತು. ಶೇಕಡಾವಾರು ಏರಿಕೆ ಕಂಡಲ್ಲೆಲ್ಲ 'ಎಷ್ಟು ಜನರಲ್ಲಿ ಎಷ್ಟು ಮಂದಿಗೆ?' ಎಂಬ ಪ್ರಶ್ನೆ ಅಗತ್ಯ.

ಒಂದೇ ಪಟ್ಟಿ, ಒಂದೇ ಅಪಾಯವಲ್ಲ

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಸಾಸೇಜ್, ಬೇಕನ್‌ನಂತಹ ಸಂಸ್ಕರಿತ ಮಾಂಸವನ್ನು ತಂಬಾಕು ಇರುವ ಒಂದನೇ ಗುಂಪಿಗೆ ಸೇರಿಸಿತು. ಇವೆರಡೂ ಸಮಾನ ಅಪಾಯಕಾರಿ ಎಂಬರ್ಥದ ತಲೆಬರಹಗಳು ಹಲವೆಡೆ ಮೂಡಿದವು. ಈ ಗುಂಪುಗಳು ತಿಳಿಸುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನೇ ಹೊರತು ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ದಿನಕ್ಕೆ 50 ಗ್ರಾಂ ಸಂಸ್ಕರಿತ ಮಾಂಸ ಸೇವನೆಯಿಂದ ಕರುಳಿನ ಕ್ಯಾನ್ಸರ್ ಸಾಧ್ಯತೆ ಶೇ 18ರಷ್ಟು ಏರುತ್ತದೆ ಎಂಬುದು ಅಂದಾಜು. ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾಧ್ಯತೆಯಾದರೋ ಹಲವು ಪಟ್ಟು ಹೆಚ್ಚು.

ಪ್ರಯೋಗ ಯಾರ ಮೇಲೆ?

ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಗೆದ್ದ ಔಷಧ ದೇಹದಲ್ಲಿಯೂ ಗೆಲ್ಲಬೇಕೆಂದಿಲ್ಲ. 2020ರ ಆರಂಭದಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊರೊನಾಕ್ಕೆ ಮದ್ದೆಂಬ ಸುದ್ದಿ ಹರಡಿತು. ಅದೇ ವರ್ಷದ ಜೂನ್‌ನಲ್ಲಿ ಬ್ರಿಟನ್ನಿನ 'ರಿಕವರಿ' ಪ್ರಯೋಗವು, ಆಸ್ಪತ್ರೆಗೆ ದಾಖಲಾದ ಸಾವಿರಾರು ರೋಗಿಗಳನ್ನು ಪರೀಕ್ಷಿಸಿ, ಅದರಿಂದ ಸಾವು ತಗ್ಗುವುದಿಲ್ಲವೆಂದು ಸ್ಪಷ್ಟಪಡಿಸಿತು.

ಸಂಖ್ಯೆ ತೀರಾ ಸಣ್ಣದಾದರೂ ಎಚ್ಚರ ಬೇಕು. ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ ಎಂಬ 2015ರ ಸುದ್ದಿ ಅನೇಕ ದೇಶಗಳಲ್ಲಿ ಪ್ರಕಟವಾಯಿತು. ಮಾಧ್ಯಮಗಳನ್ನು ಪರೀಕ್ಷಿಸಲೆಂದೇ ಪತ್ರಕರ್ತ ಜಾನ್ ಬೊಹಾನನ್ ಮತ್ತು ಸಂಗಡಿಗರು ನಡೆಸಿದ ಆ ಅಧ್ಯಯನದಲ್ಲಿ ಇದ್ದವರು ಕೇವಲ 15 ಮಂದಿ. ಅಳೆದ ಅಂಶಗಳು ಮಾತ್ರ 18. ಅಷ್ಟೊಂದು ಅಂಶಗಳನ್ನು ಅಳೆದರೆ ಯಾವುದಾದರೊಂದು ಆಕಸ್ಮಿಕವಾಗಿ ಹೊಂದಿಕೆಯಾಗುವುದು ಸಹಜ.

ಜೊತೆಗಿದ್ದ ಮಾತ್ರಕ್ಕೆ ಕಾರಣವಲ್ಲ

ಋತುಬಂಧದ ನಂತರ ಹಾರ್ಮೋನ್ ಮಾತ್ರೆ ಸೇವಿಸುವ ಮಹಿಳೆಯರಲ್ಲಿ ಹೃದ್ರೋಗ ಕಡಿಮೆ ಎಂದು ಹಿಂದಿನ ಸಮೀಕ್ಷೆಗಳು ಹೇಳಿದ್ದವು. ಅಮೆರಿಕದಲ್ಲಿ 16,608 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ ನಡೆಸಿದ ಪ್ರಯೋಗದಲ್ಲಿ ಆ ರಕ್ಷಣೆ ಕಾಣಲಿಲ್ಲ. 2002ರಲ್ಲಿ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಮಾತ್ರೆ ಸೇವಿಸುತ್ತಿದ್ದವರು ಮೊದಲೇ ಅನುಕೂಲಸ್ಥರು, ಆರೋಗ್ಯದ ಕಾಳಜಿಯುಳ್ಳವರು ಆಗಿದ್ದುದು ಹಿಂದಿನ ತೀರ್ಮಾನ ದಾರಿ ತಪ್ಪಲು ಒಂದು ಕಾರಣವೆಂದು ತಜ್ಞರು ಗುರುತಿಸಿದ್ದಾರೆ.

ಸಂಶಯಕ್ಕೂ ಮಿತಿಯಿದೆ

ಪ್ರಶ್ನಿಸುವುದೆಂದರೆ ವೈದ್ಯವಿಜ್ಞಾನವನ್ನೇ ತಿರಸ್ಕರಿಸುವುದಲ್ಲ. 1998ರಲ್ಲಿ ಕೇವಲ 12 ಮಕ್ಕಳನ್ನು ಆಧರಿಸಿದ ಲೇಖನವೊಂದು ದಡಾರದ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿತು. 'ಲ್ಯಾನ್ಸೆಟ್' ಪತ್ರಿಕೆ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಬ್ರಿಟನ್ನಿನಲ್ಲಿ ಲಸಿಕೆ ಪ್ರಮಾಣ ಕುಸಿದು ದಡಾರ ಮರಳಿತ್ತು. ಲಸಿಕೆಯನ್ನು ಶಂಕಿಸಿದವರು ಆ ಲೇಖನವನ್ನು ಶಂಕಿಸಲಿಲ್ಲ.

ಎದೆನೋವು ಬಂದವರು ಅಂಕಿ-ಅಂಶಗಳಿಗಾಗಿ ಕಾಯಬಾರದು. ತಕ್ಷಣ ಆಸ್ಪತ್ರೆಗೆ ತೆರಳಬೇಕು. ಆದರೆ ನಿತ್ಯ ಸೇವಿಸುವ ಔಷಧವನ್ನು ನಿಲ್ಲಿಸಲು ಅಥವಾ ಹೊಸದನ್ನು ಆರಂಭಿಸಲು ಬೆಳಗಿನ ಒಂದು ತಲೆಬರಹ ಸಾಕಾಗದು. ಸುದ್ದಿಯನ್ನು ಕೊನೆಯವರೆಗೆ ಓದಿ, ಉಳಿದ ಪ್ರಶ್ನೆಗಳನ್ನು ವೈದ್ಯರ ಮುಂದಿಡುವುದೇ ಕ್ಷೇಮ.